ಯಾವ ಸ್ಟ್ರೈಕ್, ಯಾವ ತಿಂಗಳು: ಆಪ್ಷನ್ ಆಯ್ಕೆಯ ಒಂದೂವರೆ ಶತಮಾನ

ಕೋಲಾರದ ಚಿನ್ನ ಇದ್ದದ್ದು ಮಾರಿಕುಪ್ಪಂ, ಊರಿಗಾಂ ನೆಲದಡಿಯಲ್ಲಿ. ಆ ಗಣಿಗಳ ಬೆಲೆ ಕಟ್ಟುತ್ತಿದ್ದದ್ದು ಮಾತ್ರ ಲಂಡನ್ನಿನ ಷೇರುಪೇಟೆ. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಲ್ಯಾವೆಲ್ 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದ. ಕೈಯಲ್ಲಿ ಬಂಡವಾಳವಿರಲಿಲ್ಲ, ಹಕ್ಕು ಬೇರೆಯವರ ಪಾಲಾಯಿತು. 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಅದೇ ವೇಳೆಗೆ ವಯನಾಡಿನ ಚಿನ್ನದ ಹೆಸರು ಹೇಳಿಕೊಂಡು ಹತ್ತಾರು ಕಂಪನಿಗಳು ಲಂಡನ್ನಿನಲ್ಲಿ ದುಡ್ಡೆತ್ತಿ ಮುಳುಗಿದ್ದವು. ಕೋಲಾರದ ಹಣೆಬರಹವೂ ಇಷ್ಟೇ ಎಂದು ಪೇಟೆ ತೀರ್ಮಾನಿಸಿತ್ತು. 1883ರ ಹೊತ್ತಿಗೆ ಬಂಡವಾಳ ಕರಗಿ, ಷೇರನ್ನು ಕೇಳುವವರೇ ಇರಲಿಲ್ಲ. ಆಗ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಗಣಿ ಸಂಸ್ಥೆಯ ಉಸ್ತುವಾರಿಯಲ್ಲಿ ಕ್ಯಾಪ್ಟನ್ ಪ್ಲಮರ್ ಹಳೆಯ ಕಾಲದ ಕುಳಿಗಳ ಕೆಳಗೆ ಇನ್ನಷ್ಟು ತೋಡಿಸಿದ. ಚಾಂಪಿಯನ್ ಎಂಬ ಚಿನ್ನದ ಪದರ ಸಿಕ್ಕಿತು.

ಆ ಕೆಟ್ಟ ಗಳಿಗೆಯಲ್ಲಿ ಷೇರು ಕೊಂಡವನ ಲೆಕ್ಕ ಸರಳ: ಹೋದರೆ ಕೊಟ್ಟಷ್ಟು ಹೋಗುತ್ತದೆ, ಬಂದರೆ ಎಷ್ಟು ಬರುತ್ತದೋ ಹೇಳುವಂತಿಲ್ಲ. ಹೆಸರು ಷೇರು, ನಡತೆ ಆಪ್ಷನ್ನಿನದು. ನಿಜವಾದ ಆಪ್ಷನ್ ವ್ಯಾಪಾರವೂ ಲಂಡನ್ನಿನಲ್ಲಿ ಆಗಲೇ ಬೇರೂರಿತ್ತು. 1734ರ ಬರ್ನಾರ್ಡ್ ಕಾಯ್ದೆ ಅದನ್ನು ನಿಷೇಧಿಸಿತ್ತು. ನಿಷೇಧದ ನಡುವೆಯೂ ವ್ಯಾಪಾರ ನಿಂತಿರಲಿಲ್ಲ. 1860ರಲ್ಲಿ ಕಾಯ್ದೆಯೇ ರದ್ದಾಯಿತು. 1877ರಲ್ಲಿ ಚಾರ್ಲ್ಸ್ ಕ್ಯಾಸ್ಟೆಲ್ಲಿ ಲಂಡನ್ನಿನಲ್ಲಿ ಆಪ್ಷನ್ ಕುರಿತೇ ಒಂದು ಪುಸ್ತಕ ಪ್ರಕಟಿಸಿದ. ಶತಮಾನದ ಕೊನೆಗೆ ಹಿಗ್ಗಿನ್ಸ್ ಎಂಬ ದಲ್ಲಾಳಿ ಕಾಲ್ (ಕೊಳ್ಳುವ ಹಕ್ಕು) ಮತ್ತು ಷೇರನ್ನು ಜೋಡಿಸಿ ಪುಟ್ (ಮಾರುವ ಹಕ್ಕು) ತಯಾರಿಸುವ ಬಗೆಯನ್ನು ಬರೆದಿಟ್ಟ. ಅಂದರೆ ಕಾಲ್‌ಗೂ ಪುಟ್‌ಗೂ ಬೆಲೆಯ ನಂಟಿದೆ, ಒಂದು ಗೊತ್ತಾದರೆ ಇನ್ನೊಂದನ್ನು ಕಟ್ಟಬಹುದು ಎಂಬ ತಿಳಿವಳಿಕೆ ಪ್ರೊಫೆಸರುಗಳಿಗಿಂತ ಮೊದಲೇ ದಲ್ಲಾಳಿಗಳಿಗಿತ್ತು. ಸಿದ್ಧಾಂತದ ಚರಿತ್ರೆಗಳಲ್ಲಿ ಇವರಿಗೆ ಸಿಗುವ ಜಾಗ ಕಡಿಮೆ. ನನ್ನ ಎಣಿಕೆಯಲ್ಲಿ ಇದು ಅನ್ಯಾಯ.

ಆಪ್ಷನ್ ಎಂದರೇನು ಎಂದು ಕೋಲಾರ ಜಿಲ್ಲೆಯವರಿಗೆ ಬೋಧಿಸಬೇಕಾದ ಅಗತ್ಯ ಹೆಚ್ಚಿಲ್ಲ. ಶ್ರೀನಿವಾಸಪುರದ ಮಾವಿನ ತೋಪುಗಳನ್ನು ವ್ಯಾಪಾರಿಗಳು ಹೂವು ನೋಡಿಯೇ ಮಾತಾಡಿಕೊಂಡು ಮುಂಗಡ ಕೊಡುತ್ತಾರೆ. ಫಸಲು ಕೈಕೊಟ್ಟರೆ ಮುಂಗಡ ಬಿಟ್ಟು ಹಿಂದೆ ಸರಿಯುವ ವ್ಯಾಪಾರಿಯ ಮಟ್ಟಿಗೆ ಆ ಮುಂಗಡವೇ ಪ್ರೀಮಿಯಂ, ಮಾತಾಡಿದ ದರವೇ ಸ್ಟ್ರೈಕ್, ಸುಗ್ಗಿಯೇ ಎಕ್ಸ್‌ಪೈರಿ. ಪ್ರಶ್ನೆ ಇರುವುದು ಬೇರೆ ಕಡೆ: ಮುಂಗಡ ಎಷ್ಟಿರಬೇಕು? ಆಲಿಕಲ್ಲು, ಜಿಗಿಹುಳು, ಪೇಟೆಯ ಧಾರಣೆ ಇವೆಲ್ಲದರ ಅನಿಶ್ಚಿತತೆಗೆ ಎಷ್ಟು ದುಡ್ಡು? ಆಪ್ಷನ್ ಮೌಲ್ಯಮಾಪನದ ಇಡೀ ಚರಿತ್ರೆ ಈ ಪ್ರಶ್ನೆಯ ಬೆನ್ನುಹತ್ತಿದ ಚರಿತ್ರೆ. ಬೆಲೆ ಏರುತ್ತದೋ ಇಳಿಯುತ್ತದೋ ಎಂಬುದು ಅದರಲ್ಲಿ ಅರ್ಧಕ್ಕಿಂತ ಕಡಿಮೆ ಪಾಲು.

1900ರಲ್ಲಿ ಪ್ಯಾರಿಸ್ಸಿನ ಲೂಯಿ ಬಶೆಲಿಯೆ ತನ್ನ ಪ್ರಬಂಧದಲ್ಲಿ ಇದಕ್ಕೆ ಗಣಿತ ಹಚ್ಚಿದ. ಬೆಲೆಯ ಅಲೆದಾಟ ಕಾಲದ ವರ್ಗಮೂಲಕ್ಕೆ ತಕ್ಕಂತೆ ಹಿಗ್ಗುತ್ತದೆ ಎಂದು ತೋರಿಸಿದ: ನಾಲ್ಕು ಪಟ್ಟು ಸಮಯ ಕೊಟ್ಟರೆ ಅಲೆದಾಟ ಹಿಗ್ಗುವುದು ಎರಡೇ ಪಟ್ಟು. ಕೊನೆಯ ವಾರದಲ್ಲಿ ಆಪ್ಷನ್ ಬೆಲೆ ಯಾಕೆ ಅಷ್ಟು ಬೇಗ ಕರಗುತ್ತದೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಪ್ರಬಂಧ ಅರ್ಧ ಶತಮಾನ ಮೂಲೆಗೆ ಬಿದ್ದಿತ್ತು.

ನಮ್ಮಲ್ಲಿ ಮುಂಬಯಿಯ ಪೇಟೆಯಲ್ಲಿ ತೇಜಿ-ಮಂದಿ ಹೆಸರಿನಲ್ಲಿ ಇದೇ ವ್ಯಾಪಾರ ನಡೆಯುತ್ತಿತ್ತು. ತೇಜಿ ಕೊಂಡವನು ಏರಿಕೆಯ ಹಕ್ಕು ಕೊಂಡಂತೆ, ಮಂದಿ ಕೊಂಡವನು ಇಳಿಕೆಯದು. ಬೆಲೆ ನಿಂತಿದ್ದು ಬಾಯಿಮಾತಿನ ಮೇಲೆ, ಆಯ್ಕೆ ನಿಂತಿದ್ದು ಒಳಸುದ್ದಿಯ ಮೇಲೆ. 1956ರ ಸೆಕ್ಯುರಿಟೀಸ್ ಕಾಂಟ್ರ್ಯಾಕ್ಟ್ಸ್ ಕಾಯ್ದೆ ಇದನ್ನು ಪೂರ್ತಿ ನಿಷೇಧಿಸಿತು. ಅದೇ ವರ್ಷದ ನವೆಂಬರಿನಲ್ಲಿ ಮೈಸೂರು ಸರ್ಕಾರ ಕೋಲಾರದ ಗಣಿಗಳನ್ನು ವಹಿಸಿಕೊಂಡಿತು. ಲಂಡನ್ನಿನ ಷೇರುದಾರರ ಅಧ್ಯಾಯ ಅಲ್ಲಿಗೆ ಮುಗಿಯಿತು. ಬೆಂಗಳೂರಿಗೆ ಸ್ವಂತ ಷೇರು ವಿನಿಮಯ ಕೇಂದ್ರ ಬಂದದ್ದು 1963ರಲ್ಲಿ. ಅಲ್ಲಿಯೂ ಆಪ್ಷನ್ ನಡೆಯುವಂತಿರಲಿಲ್ಲ.

ಈ ನಿಷೇಧದ ಕಾಲದಲ್ಲೇ ಹೊರಗೆ ಎಲ್ಲವೂ ಬದಲಾಯಿತು. 1973ರ ಏಪ್ರಿಲ್ 26ರಂದು ಷಿಕಾಗೋದಲ್ಲಿ 16 ಕಂಪನಿಗಳ ಷೇರುಗಳ ಮೇಲೆ ಕಾಲ್ ಆಪ್ಷನ್ ವ್ಯವಹಾರ ಶುರುವಾಯಿತು. ಅದೇ ವರ್ಷ ಬ್ಲ್ಯಾಕ್ ಮತ್ತು ಶೋಲ್ಸ್ ಸೂತ್ರ ಅಚ್ಚಾಯಿತು. ಷೇರಿನ ಬೆಲೆ, ಸ್ಟ್ರೈಕ್, ಉಳಿದ ದಿನಗಳು, ಬಡ್ಡಿ, ಏರಿಳಿತದ ಪ್ರಮಾಣ: ಈ ಐದನ್ನು ಕೊಟ್ಟರೆ ಆಪ್ಷನ್ ಬೆಲೆ ಬರುತ್ತದೆ. ಗಮನಿಸಬೇಕಾದ್ದು ಸೂತ್ರದಲ್ಲಿ ಇಲ್ಲದ ಸಂಗತಿಯನ್ನು. ಷೇರು ಏರುತ್ತದೆಂಬ ನಿಮ್ಮ ನಂಬಿಕೆಗೆ ಅಲ್ಲಿ ಜಾಗವೇ ಇಲ್ಲ. ಐದರಲ್ಲಿ ನಾಲ್ಕು ಎಲ್ಲರಿಗೂ ಕಾಣುವಂಥವು. ಕಾಣದ್ದು ಮುಂದಿನ ಏರಿಳಿತ ಒಂದೇ. ಹಾಗಾಗಿ ವ್ಯಾಪಾರಿಗಳು ಸೂತ್ರವನ್ನು ತಿರುವಿ ಹಾಕಿದರು. ಪೇಟೆಯ ಬೆಲೆಯನ್ನು ಕೊಟ್ಟು, ಅದರೊಳಗೆ ಎಷ್ಟು ಏರಿಳಿತವನ್ನು ಊಹಿಸಿದ್ದಾರೆಂದು ತೆಗೆದರು. ಇಂದು ಮೊಬೈಲ್ ಪರದೆಯಲ್ಲಿ ‘ಐವಿ’ ಎಂದು ಕಾಣುವ ಅಂಕಿ ಅದು. 1987ರ ಅಕ್ಟೋಬರ್ ಕುಸಿತದ ನಂತರ ಕೆಳಗಿನ ಸ್ಟ್ರೈಕಿನ ಪುಟ್‌ಗಳ ಐವಿ ಮೇಲೇರಿ ಅಲ್ಲೇ ಉಳಿಯಿತು. ಒಂದು ಷೇರಿಗೆ ಒಂದೇ ಏರಿಳಿತ ಎಂದ ಸೂತ್ರಕ್ಕೆ ಪೇಟೆ ಕೊಟ್ಟ ತಿದ್ದುಪಡಿ ಇದು.

ಇಲ್ಲೊಂದು ಉಪಕಥೆ ಇದೆ, ಕೋಲಾರದ ಗಣಿಯೂರಾದ ಕೆಜಿಎಫ್‌ಗೆ ತೀರ ಹತ್ತಿರದ್ದು. 1985ರಲ್ಲಿ ಬ್ರೆನ್ನನ್ ಮತ್ತು ಶ್ವಾರ್ಟ್ಸ್ ಎಂಬ ಇಬ್ಬರು ಗಣಿಯನ್ನೇ ಆಪ್ಷನ್ ಎಂದು ಲೆಕ್ಕಹಾಕಿದರು. ಅದಿರಿನ ಬೆಲೆ ಬಿದ್ದರೆ ಮುಚ್ಚುವ ಹಕ್ಕು, ಏರಿದರೆ ಮತ್ತೆ ತೆರೆಯುವ ಹಕ್ಕು. ಎರಡಕ್ಕೂ ಒಂದು ಬೆಲೆ. ಮುಚ್ಚಿದ ಗಣಿಯನ್ನು ಸುಸ್ಥಿತಿಯಲ್ಲಿಡುವ ಖರ್ಚೂ ಲೆಕ್ಕಕ್ಕೆ ಸೇರಿತ್ತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದಾಗ ಚಿನ್ನ ಔನ್ಸ್‌ಗೆ 260 ಡಾಲರ್ ಆಸುಪಾಸಿನಲ್ಲಿತ್ತು. 2011ರಲ್ಲಿ 1,900 ದಾಟಿತು, 2025ರಲ್ಲಿ 4,000 ದಾಟಿತು. ಬರೀ ಬೆಲೆ ನೋಡಿದರೆ ಮರುತೆರೆಯುವ ಹಕ್ಕು ಇಷ್ಟು ಹೊತ್ತಿಗೆ ಭರ್ಜರಿ ಲಾಭದಲ್ಲಿರಬೇಕು. ಆದರೆ ನೀರೆತ್ತುವ ಪಂಪುಗಳು ನಿಂತು ಸುರಂಗಗಳು ತುಂಬಿಹೋದವು. ಹಕ್ಕು ಚಲಾಯಿಸುವ ಖರ್ಚೇ ಬೆಟ್ಟದಷ್ಟಾಯಿತು. ನೆಲದ ಮೇಲೆ ಉಳಿದ ಸೈನೈಡ್ ದಿಣ್ಣೆಗಳ ಮಾತು ಬೇರೆ. ಅವುಗಳಲ್ಲಿರುವ ಚಿನ್ನ ತೆಗೆಯಲು ನೀರೆತ್ತಬೇಕಿಲ್ಲ. 13 ದಿಣ್ಣೆಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು.

ಗಣಿ ಮುಚ್ಚಿದ ನಾಲ್ಕು ತಿಂಗಳಿಗೆ, 2001ರ ಜುಲೈನಲ್ಲಿ, ಭಾರತದಲ್ಲಿ ಷೇರು ಆಪ್ಷನ್ ಆರಂಭವಾಯಿತು. 1995ರಲ್ಲಿ ನಿಷೇಧ ತೆಗೆದು, ಎಲ್.ಸಿ. ಗುಪ್ತಾ ಸಮಿತಿ ವರದಿ ಕೊಟ್ಟು, 2000ದಲ್ಲಿ ಸೂಚ್ಯಂಕದ ಫ್ಯೂಚರ್ಸ್ ಬಂದ ಮೇಲೆ ಇದರ ಸರದಿ. ಮೊದಲ ವರ್ಷಗಳಲ್ಲಿ ಕೊಳ್ಳುವವರು ಕಡಿಮೆ. ಷೇರು ಆಪ್ಷನ್ನನ್ನು ಅವಧಿಗೆ ಮುಂಚೆಯೇ ಚಲಾಯಿಸಬಹುದಿತ್ತು, ಮಾರಿದವನಿಗೆ ಅದೊಂದು ತಲೆನೋವು. 2011ರಿಂದ ಎಕ್ಸ್‌ಪೈರಿ ದಿನ ಮಾತ್ರ ಚಲಾಯಿಸುವ ಪದ್ಧತಿ ಬಂತು. 2008ರಲ್ಲಿ ಬಂದ ಇಂಡಿಯಾ ವಿಕ್ಸ್ ಎಂಬ ಅಳತೆ ಷೇರು ಸೂಚ್ಯಂಕದ ಐವಿಯನ್ನು ದಿನದ ಸುದ್ದಿಯನ್ನಾಗಿಸಿತು. ಬೆಂಗಳೂರಿನಲ್ಲಿ 2010ರಲ್ಲಿ ಶುರುವಾದ ಬ್ರೋಕರ್ ಸಂಸ್ಥೆ ಜೆರೋಧಾ ಹಾಗೂ ಅದರ ದಾರಿ ಹಿಡಿದವರು ಒಂದು ಆರ್ಡರಿಗೆ ಇಷ್ಟೇ ಎಂದು ಚಿಲ್ಲರೆ ಶುಲ್ಕ ನಿಗದಿಮಾಡಿದರು. ಅತ್ತ ಬೆಂಗಳೂರು ಷೇರು ವಿನಿಮಯ ಕೇಂದ್ರ 2014ರಲ್ಲಿ ಬಾಗಿಲು ಹಾಕಿತು. 2016ರಲ್ಲಿ ಬ್ಯಾಂಕ್ ನಿಫ್ಟಿಗೆ, 2019ರಲ್ಲಿ ನಿಫ್ಟಿಗೆ ವಾರದ ಆಪ್ಷನ್ ಬಂತು.

ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲುಗಳು ಬಂಗಾರಪೇಟೆಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗಣಿ ಮುಚ್ಚಿದ ಮೇಲೆ ಬೆಂಗಳೂರಿಗೆ ಹೋಗಿಬಂದು ದುಡಿಯುವ ಸಾವಿರಾರು ಜನರ ದಾರಿ ಅದು. ಇಂಥ ಊರಿನ ಯುವಕರ ಕೈಗೂ ಈಗ ಆಪ್ಷನ್ ಚೈನ್, ಅಂದರೆ ಸ್ಟ್ರೈಕುಗಳ ಬೆಲೆಪಟ್ಟಿ, ಬಂದಿದೆ. ಕೇಳಿಬರುವ ಮಾತು ಎಲ್ಲ ಕಡೆಯೂ ಒಂದೇ: “ಎರಡು ರೂಪಾಯಿಗೆ ಸಿಗ್ತಿದೆ ಮಗಾ, ಹತ್ತಕ್ಕೆ ಹೋದ್ರೆ ಐದು ಪಟ್ಟು.” ಎಕ್ಸ್‌ಪೈರಿ ದಿನದ ಈ ಆಟಕ್ಕೆ ‘ಹೀರೋ ಇಲ್ಲ ಝೀರೋ’ ಎಂಬ ಹೆಸರೂ ಇದೆ. ಆಯ್ಕೆಯ ಮಾನದಂಡ ಅಗ್ಗ ಎನ್ನುವುದೊಂದೇ. 1883ರ ಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕಿದ ಮೈಸೂರು ಷೇರಿಗೆ ಗಡುವಿರಲಿಲ್ಲ, ಕಾಯಬಹುದಿತ್ತು. ಎರಡು ರೂಪಾಯಿಯ ಆಪ್ಷನ್ನಿಗೆ ಅಂದೇ ಪೇಟೆ ಮುಚ್ಚುವ ಹೊತ್ತಿಗೆ ಆಯುಸ್ಸು ಮುಗಿಯುತ್ತದೆ.

ಅಗ್ಗ, ದುಬಾರಿ ಎಂಬುದನ್ನು ಅಳೆಯುವ ಬಗೆಗೆ ಒಂದು ಲೆಕ್ಕ. ಒಂದು ಷೇರು 1,000 ರೂಪಾಯಿಯಲ್ಲಿದೆ ಎನ್ನಿ. ಎಕ್ಸ್‌ಪೈರಿಗೆ 20 ದಿನ, ಒಂದು ಲಾಟ್ ಎಂದರೆ 500 ಷೇರು. ಐವಿ 30 ಇದ್ದಾಗ 1,040ರ ಕಾಲ್ ಸುಮಾರು 14 ರೂಪಾಯಿ. ನಾಳೆ ತ್ರೈಮಾಸಿಕ ಫಲಿತಾಂಶ ಎಂದರೆ ಐವಿ 50ಕ್ಕೆ ಏರಬಹುದು. ಆಗ ಅದೇ ಕಾಲ್‌ಗೆ 31 ರೂಪಾಯಿ, ಲಾಟ್‌ಗೆ 15,500. ಫಲಿತಾಂಶ ಚೆನ್ನಾಗಿ ಬಂತು, ಷೇರು 1,020ಕ್ಕೆ ಏರಿತು. ಎಣಿಸಿದಂತೆಯೇ ಆಯಿತಲ್ಲ ಎಂದು ಪರದೆ ನೋಡಿದರೆ ಕಾಲ್ 19ಕ್ಕೆ ಬಿದ್ದಿರುತ್ತದೆ. ಸುದ್ದಿ ಹೊರಬಿದ್ದ ಮೇಲೆ ಅನಿಶ್ಚಿತತೆ ಉಳಿಯಲಿಲ್ಲ, ಐವಿ 28ಕ್ಕೆ ಇಳಿಯಿತು. ದಿಕ್ಕು ಸರಿಯಿದ್ದೂ ಒಂದು ಲಾಟ್‌ಗೆ 6,000 ರೂಪಾಯಿ ನಷ್ಟ. ಕಾಲ್ ಕೊಂಡವನು ತಾನು ಕೊಂಡದ್ದು ಏರಿಕೆ ಎಂದು ತಿಳಿದಿದ್ದ. ಅವನು ಹೆಚ್ಚು ದುಡ್ಡು ತೆತ್ತಿದ್ದು ಅನಿಶ್ಚಿತತೆಗೆ.

ಪಳಗಿದವರು ಆಯ್ಕೆಯನ್ನು ಹಿಂದುಮುಂದಾಗಿ ಮಾಡುವುದು ಇದಕ್ಕೇ. ಮೊದಲು ಐವಿ ಆ ಷೇರಿನ ಕಳೆದೊಂದು ವರ್ಷದ ಐವಿಗೆ ಹೋಲಿಸಿದರೆ ಎಲ್ಲಿದೆ, ಷೇರು ನಿಜಕ್ಕೂ ಓಡಾಡುತ್ತಿರುವುದು ಎಷ್ಟು ಎಂದು ನೋಡುತ್ತಾರೆ. ಐವಿ ಉಬ್ಬಿದ್ದರೆ ಬರೀ ಕಾಲ್ ಕೊಳ್ಳುವ ಬದಲು 1,040 ಕೊಂಡು 1,080 ಮಾರಿ ಸ್ಪ್ರೆಡ್ ಮಾಡುತ್ತಾರೆ. ಸ್ಟ್ರೈಕ್ ಆರಿಸಲು ಡೆಲ್ಟಾ ನೋಡುತ್ತಾರೆ, 0.30 ಡೆಲ್ಟಾ ಎಂದರೆ ಆ ಸ್ಟ್ರೈಕನ್ನು ದಾಟುವ ಸಂಭವ ನೂರಕ್ಕೆ ಮೂವತ್ತರ ಸುತ್ತಮುತ್ತ ಎಂದು ಒರಟು ಲೆಕ್ಕ. ದಿನಕ್ಕೆ ಎಷ್ಟು ಕರಗುತ್ತದೆ ಎಂಬುದು ಥೀಟಾದಲ್ಲಿ ಸಿಗುತ್ತದೆ. ಓಪನ್ ಇಂಟರೆಸ್ಟ್ (ಇತ್ಯರ್ಥವಾಗದೆ ಉಳಿದ ಕರಾರುಗಳ ಎಣಿಕೆ) ನೋಡಿ ‘ಇಲ್ಲಿ ಸಪೋರ್ಟ್, ಅಲ್ಲಿ ರೆಸಿಸ್ಟೆನ್ಸ್’ ಎನ್ನುವವರೂ, ‘ಮ್ಯಾಕ್ಸ್ ಪೇನ್’ ಎಂಬ ಒಂದೇ ಅಂಕಿಯಲ್ಲಿ ಎಕ್ಸ್‌ಪೈರಿಯ ಬೆಲೆ ಹೇಳುವವರೂ ಇದ್ದಾರೆ. ಪ್ರತಿ ಕರಾರಿಗೂ ಕೊಂಡವನೊಬ್ಬ, ಮಾರಿದವನೊಬ್ಬ ಇರುವಾಗ ಬರೀ ಎಣಿಕೆಯಿಂದ ಇಷ್ಟು ದೂರ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಎದುರು ಬದಿಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗೆ ಷೇರುಪೇಟೆಯ ನಿಯಂತ್ರಕ ಸೆಬಿಯ 2024ರ ಸೆಪ್ಟೆಂಬರ್ ಅಧ್ಯಯನ ಉತ್ತರ ಕೊಟ್ಟಿತು. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ. 93 ಮಂದಿಗೆ ನಷ್ಟ. ಒಟ್ಟು ಕಳೆದುಕೊಂಡದ್ದು 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿ. ಹೀಗೆ ಆಡುವವರಲ್ಲಿ ಶೇ. 72ಕ್ಕೂ ಹೆಚ್ಚು ಮಂದಿ ದೇಶದ ಮೊದಲ 30 ನಗರಗಳ ಆಚೆಯವರು, ಅಂದರೆ ಬಂಗಾರಪೇಟೆಯಂಥ ಊರುಗಳವರು. ಇನ್ನೊಂದು ಬದಿಯಲ್ಲಿ ದೊಡ್ಡ ಸಂಸ್ಥೆಗಳು. ಅವುಗಳ ಲಾಭದ ಬಹುಪಾಲು ಯಂತ್ರ ಹಾಕಿದ ಆರ್ಡರುಗಳಿಂದಲೇ ಬಂದದ್ದು. ಅದೇ ವರ್ಷದ ನವೆಂಬರಿನಿಂದ ಸೆಬಿ ಸೂಚ್ಯಂಕ ಕರಾರಿನ ಗಾತ್ರವನ್ನು ಕನಿಷ್ಠ 15 ಲಕ್ಷಕ್ಕೆ ಏರಿಸಿ, ಒಂದು ವಿನಿಮಯ ಕೇಂದ್ರಕ್ಕೆ ಒಂದೇ ಸೂಚ್ಯಂಕದ ವಾರದ ಎಕ್ಸ್‌ಪೈರಿ ಎಂದು ಕಟ್ಟು ಹಾಕಿತು. ಆ ಮೇಲೂ 2025ರ ಹಣಕಾಸು ವರ್ಷದಲ್ಲಿ ನಷ್ಟಕ್ಕೊಳಗಾದವರು ಶೇ. 91.

ಷೇರು ಆಪ್ಷನ್ ಆರಿಸುವವರಿಗೆ ಇಷ್ಟರ ಮೇಲೂ ಎರಡು ತೊಡಕುಗಳಿವೆ. ಎಲ್ಲ ಷೇರಿಗೂ ಆಪ್ಷನ್ ಇಲ್ಲ. ಕೆಜಿಎಫ್‌ನಲ್ಲಿ ಮಣ್ಣು ಅಗೆಯುವ ದೈತ್ಯ ಯಂತ್ರಗಳನ್ನು ಕಟ್ಟುವ ಬೆಮೆಲ್ ಷೇರಿನ ಮೇಲೂ ಒಂದು ಕಾಲಕ್ಕೆ ಆಪ್ಷನ್ ಇತ್ತು. 2018ರಲ್ಲಿ ಸೆಬಿ ಅರ್ಹತೆಯನ್ನು ಬಿಗಿ ಮಾಡಿದ ಮೇಲೆ ಪಟ್ಟಿಯಿಂದ ಬಿದ್ದ ಹಲವು ಷೇರುಗಳ ಜೊತೆ ಅದೂ ಹೋಯಿತು. ಪಟ್ಟಿಯಲ್ಲಿ ಉಳಿದವುಗಳಲ್ಲೂ ವಹಿವಾಟು ಬಿರುಸಾಗಿರುವುದು ಈ ತಿಂಗಳ ನಾಲ್ಕಾರು ಸ್ಟ್ರೈಕುಗಳಲ್ಲಿ ಮಾತ್ರ. ಕೊಳ್ಳುವವನ ಬೆಲೆ 13, ಮಾರುವವನದು 15 ಎಂದಿದ್ದರೆ ಒಳಹೋದ ಕ್ಷಣಕ್ಕೇ ಸುಮಾರು ಏಳರಲ್ಲೊಂದು ಪಾಲು ಕೈಬಿಟ್ಟಂತೆ.

ಎರಡನೆಯದು ಷೇರನ್ನೇ ಕೊಟ್ಟು-ಕೊಳ್ಳುವ ಇತ್ಯರ್ಥ. 2019ರ ಅಕ್ಟೋಬರಿನಿಂದ ಎಲ್ಲ ಷೇರು ಆಪ್ಷನ್ನಿಗೂ ಇದು ಅನ್ವಯ. ಮೇಲಿನ ಲೆಕ್ಕದ 1,040ರ ಕಾಲ್ ಕೊನೆಯ ದಿನ ಒಂದೇ ರೂಪಾಯಿ ಲಾಭದಲ್ಲಿ ಮುಗಿದರೂ 5,20,000 ರೂಪಾಯಿ ಕಟ್ಟಿ 500 ಷೇರು ಪಡೆಯಬೇಕು. ಲಾಭದಲ್ಲಿರುವ ಆಪ್ಷನ್‌ಗೆ ಕೊನೆಯ ದಿನಕ್ಕೆ ಕೆಲವು ದಿನ ಮೊದಲೇ ಮಾರ್ಜಿನ್ (ಇಡಬೇಕಾದ ಠೇವಣಿ) ಏರಲು ತೊಡಗುತ್ತದೆ. 14ರ ಬೆಲೆಗೆ ಒಂದು ಲಾಟ್ ಕೊಂಡು 7,000 ರೂಪಾಯಿ ಹಾಕಿದ ಹುಡುಗನಿಗೆ ಬ್ರೋಕರಿನಿಂದ ಸಂದೇಶ ಬರುವುದು ಆಗ. ಅದಕ್ಕೇ ಕೊನೆಯ ವಾರಕ್ಕೆ ಮೊದಲೇ ಮಾರಿಕೊಂಡು ಮುಂದಿನ ತಿಂಗಳಿಗೆ ಸರಿಯಿರಿ ಎನ್ನುತ್ತಾರೆ ಅನುಭವಸ್ಥರು. ಆದರೆ ಮುಂದಿನ ತಿಂಗಳ ಷೇರು ಆಪ್ಷನ್‌ಗಳಲ್ಲಿ ಕೊಳ್ಳುವ-ಮಾರುವ ಬೆಲೆಗಳ ಅಂತರ ಇನ್ನೂ ದೊಡ್ಡದು.