ಹೋಗುವ ಎಳೆ, ಬರುವ ಎಳೆ

ನಮ್ಮ ಓಣಿಯಲ್ಲಿ ಮಧ್ಯಾಹ್ನವೆಂದರೆ ಗಂಡಸರಿಗೆ ನಿದ್ದೆಯ ಹೊತ್ತು, ಹೆಂಗಸರಿಗೆ ಕಸೂತಿಯ ಹೊತ್ತು. ಎಲೆ ಎತ್ತಿ, ಮುಸುರೆ ತಿಕ್ಕಿ, ನೆಲ ಸಾರಿಸುವಷ್ಟರಲ್ಲಿ ಎರಡು ಗಂಟೆ. ಅಲ್ಲಿಂದ ನಾಲ್ಕಕ್ಕೆ ಚಹದ ನೀರು ಒಲೆಗೆ ಏರುವವರೆಗೆ ಅವರನ್ನು ಕೇಳುವವರಿಲ್ಲ. ಧಾರವಾಡದ ಹಳೆಯ ಊರಿನ ನಮ್ಮ ಮನೆಯ ಹಿತ್ತಲಲ್ಲಿ ಬಾವಿಗೆ ಹತ್ತಿ ಒಂದು ಕಲ್ಲಿನ ಕಟ್ಟೆಯಿತ್ತು. ಅದರ ಒಂದು ತುದಿಗೆ ನಮ್ಮ ಅತ್ಯಾ, ಅಂದರೆ ತಂದೆಯ ಅಕ್ಕ. ಇನ್ನೊಂದು ತುದಿಗೆ ಪಕ್ಕದ ಗೌಡರ ಮನೆಯ ಆಯಿ. ನಡುವೆ ಒಂದು ಮಾರಿನಷ್ಟು ಬರಿದಾದ ಕಲ್ಲು. ಉಳಿದವರು ಕೆಳಗೆ, ಚಾಪೆಯ ಮೇಲೆ.

ಕಸೂತಿಯ ಇತಿಹಾಸ ಹೇಳುವವರು ಸಾಮಾನ್ಯವಾಗಿ ಚಾಲುಕ್ಯರಿಂದ ಸುರು ಮಾಡುತ್ತಾರೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು, ನನಗೂ ಚಾಲುಕ್ಯರೆಂದರೆ ಪ್ರೀತಿಯೇ. ಆದರೆ ಕಲ್ಲು ಉಳಿಯುತ್ತದೆ, ತಾಮ್ರಪಟ ಉಳಿಯುತ್ತದೆ. ಸೀರೆ ಹರಿದ ಮೇಲೆ ಕೌದಿಯಾಗುತ್ತದೆ, ಕೌದಿ ಹರಿದ ಮೇಲೆ ನೆಲ ಒರೆಸುವ ಅರಿವೆಯಾಗುತ್ತದೆ. ಆದ್ದರಿಂದ ನಾನು ಕಣ್ಣಾರೆ ಕಂಡ ಆ ಕಟ್ಟೆಯಿಂದಲೇ ಸುರು ಮಾಡುತ್ತೇನೆ.

ಕಸೂತಿಯಲ್ಲಿ ಹೊಲಿಗೆ ನಾಲ್ಕೇ ನಾಲ್ಕು: ಗಾವಂತಿ, ಮುರಗಿ, ನೇಗಿ, ಮೆಂತೆ. ಮೆಂತೆ ಕಾಳಿನ ಹಾಗೆ ಕತ್ತರಿ ಕತ್ತರಿಯಾಗಿ ಕೂಡುವುದು ಮೆಂತೆ. ನೇಯ್ದಂತೆ ಕಾಣುವುದು ನೇಗಿ. ಮೆಟ್ಟಿಲು ಮೆಟ್ಟಿಲಾಗಿ ಏರುವುದು ಮುರಗಿ. ಎಲ್ಲಕ್ಕೂ ತಾಯಿ ಗಾವಂತಿ. ಇದಕ್ಕೆ ಪೆನ್ಸಿಲಿನ ಗುರುತಿಲ್ಲ, ಅಚ್ಚಿಲ್ಲ, ಬಟ್ಟೆಯ ಎಳೆ ಎಣಿಸುವುದೊಂದೇ ಆಧಾರ. ಸೂಜಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆಗುತ್ತ ಚಿತ್ರದ ತುದಿಯವರೆಗೆ ಹೋಗುತ್ತದೆ. ಆಗ ನೋಡಿದರೆ ಬರೀ ತುಂಡು ತುಂಡು ಸಾಲು, ಅರ್ಧ ಚಿತ್ರ. ಅದೇ ದಾರಿಯಲ್ಲಿ ತಿರುಗಿ ಬರುವಾಗ ಬಿಟ್ಟ ಸಂದುಗಳನ್ನೆಲ್ಲ ತುಂಬುತ್ತ ಬರಬೇಕು. ಗಂಟು ಹಾಕುವಂತಿಲ್ಲ. ಮುಗಿದಾಗ ಮುಂದೆಯೂ ಅದೇ ತೇರು, ಹಿಂದೆಯೂ ಅದೇ ತೇರು. ನಾನು ಒಂದು ತುಳಸಿಕಟ್ಟೆ ಹೊಲಿದು ತೋರಿಸಿದರೆ ಅತ್ಯಾ ಅದರ ಮುಖವನ್ನೇ ನೋಡುತ್ತಿರಲಿಲ್ಲ. “ತಿರುವಿ ಹಾಕು, ಹಿಂದ ಏನ್ ಮಾಡೀ ನೋಡೋಣು” ಎನ್ನುತ್ತಿದ್ದಳು. ಹಿಂದೆ ನಾನು ಮಾಡಿದ್ದು ಯಾವಾಗಲೂ ಗುಬ್ಬಿಯ ಗೂಡು.

ಗೋಪುರ, ತೇರು, ಪಲ್ಲಕ್ಕಿ, ಆನೆ ಅಂಬಾರಿ, ತೊಟ್ಟಿಲು, ನವಿಲು, ಗಿಳಿ. ಇರಕಲ್ಲ ಸೀರೆಯಲ್ಲಿ ಸೆರಗಿನ ಹತ್ತಿರ ದೊಡ್ಡ ದೊಡ್ಡ ಗೋಪುರಗಳು, ಕೆಳಕ್ಕೆ ಇಳಿದಂತೆ ಸಣ್ಣ ಸಣ್ಣ ಹೂ ಚುಕ್ಕಿಗಳು. ಖಣದ ಕುಬಸ, ಕೂಸಿನ ಕುಂಚಿಗೆ, ಕುಲಾಯಿ ಯಾವುದನ್ನೂ ಬಿಟ್ಟವರಲ್ಲ. ಇವೆಲ್ಲ ಪುಸ್ತಕದಿಂದ ಬಂದವಲ್ಲ. ಯಾರದೋ ಮದುವೆಗೆ ಹೋದಾಗ ಮುಂದೆ ಕುಳಿತವಳ ಸೆರಗಿನ ಮೇಲೆ ಹೊಸ ಆನೆ ಕಂಡರೆ ಮುಗಿಯಿತು. ಅಕ್ಷತೆ ಕೈಯಲ್ಲೇ ಉಳಿಯುತ್ತಿತ್ತು, ಬಾಯಿ ಮಂತ್ರದ ಬದಲು ಎಳೆ ಎಣಿಸುತ್ತಿತ್ತು. ಮನೆಗೆ ಬಂದು ಒಂದು ಹಳೆಯ ತುಂಡಿನ ಮೇಲೆ ಅದನ್ನು ಇಳಿಸಿಕೊಳ್ಳುವುದು. ಅತ್ಯಾಳ ಬಳಿ ಅಂಥದೊಂದು ಕರಿಯ ಅರಿವೆಯ ತುಂಡಿತ್ತು. ಅದರಲ್ಲಿ ಪ್ರತಿ ಚಿತ್ರಕ್ಕೂ ಬಂದ ಮನೆಯ ಹೆಸರು: ಹುಬ್ಬಳ್ಳಿಯವರ ಗೋಪುರ, ಬೀಗರ ಗಿಳಿ, ನವಲಗುಂದದವರ ನವಿಲು. (ನವಲಗುಂದದವರು ನವಿಲು ಬಿಟ್ಟು ಮತ್ತೇನು ಹೊಲಿದಾರು!) ಸಾಲ ತಂದ ಸಕ್ಕರೆಯ ಲೆಕ್ಕ ಮರೆಯುತ್ತಿದ್ದವರು ಈ ಲೆಕ್ಕ ಮರೆಯುತ್ತಿರಲಿಲ್ಲ.

ನಮ್ಮ ಗಾವಂತಿಯಂಥ ಹೊಲಿಗೆ ಯುರೋಪಿನಲ್ಲಿಯೂ ಇದೆ. ಅದಕ್ಕೆ ಅಲ್ಲಿ ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. ಹಾನ್ಸ್ ಹೋಲ್ಬೈನ್ ಎಂಬ ಚಿತ್ರಕಾರ 16ನೆಯ ಶತಮಾನದಲ್ಲಿ ಇಂಗ್ಲಂಡಿನ ಅರಮನೆಯವರ ಚಿತ್ರ ಬರೆದ; ಎಂಟನೆಯ ಹೆನ್ರಿಯ ರಾಣಿ ಜೇನ್ ಸೀಮೋರಳ ಚಿತ್ರದಲ್ಲಿ ತೋಳಿನಂಚಿನ ಕರಿ ದಾರದ ಕಸೂತಿಯನ್ನು ಎಳೆ ಬಿಡದೆ ತೋರಿಸಿದ. ಹೊಲಿದವಳ ಹೆಸರು ಹೋಗಿ ಬರೆದವನ ಹೆಸರು ನಿಂತಿತು. ನನಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ. ಆದರೂ ಅಲ್ಲಿಯ ಜೇನ್ ಬೋಸ್ಟಾಕ್ ಎಂಬವಳು 1598ರಲ್ಲಿ ತಾನು ಹೊಲಿದ ಮಾದರಿ ಬಟ್ಟೆಯ ಮೇಲೆ ತನ್ನ ಹೆಸರನ್ನೂ ಇಸವಿಯನ್ನೂ ಹೊಲಿದಿಟ್ಟಳು. ಅದು ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಜಿಯಂನಲ್ಲಿದೆ. ಅತ್ಯಾಳ ಕರಿ ತುಂಡಿನ ಮೇಲೆ ಹೆಸರಿಲ್ಲ. ಆಕೆಗೆ ಓದು ಬರಹ ಕಲಿಸಿರಲಿಲ್ಲ.

ಅತ್ಯಾ ಹುಟ್ಟಿದ್ದು 1910ರಲ್ಲಿ. ಎಂಟಕ್ಕೆ ಮದುವೆ, ಹನ್ನೊಂದಕ್ಕೆ ವಿಧವೆ. ಬಾಲ್ಯವಿವಾಹ ತಡೆಯುವ ಶಾರದಾ ಕಾಯಿದೆ ಬಂದದ್ದು 1929ರಲ್ಲಿ. ವಿಧವಾ ವಿವಾಹದ ಕಾಯಿದೆಯೇನೋ 1856ರಿಂದಲೇ ಇತ್ತು. ನಮ್ಮ ಮನೆಯ ಹೊಸ್ತಿಲಿನವರೆಗೆ ಅದು ಬಂದಿರಲಿಲ್ಲ. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ತವರಿಗೆ ಕಳಿಸಿದರು. ಅಲ್ಲಿಂದ ಮುಂದೆ ಐವತ್ತೆಂಟು ವರ್ಷ ಆಕೆ ಅದೇ ಕೆಂಪು ಸೀರೆಯಲ್ಲಿ ಕುಳಿತು ಬಂಧು ಬಳಗದ ಹುಡುಗಿಯರಿಗೆಲ್ಲ ಚಂದ್ರಕಾಳಿ ಹೊಲಿದಳು. ಮದುವೆಯ ಸೀರೆಗಳಲ್ಲಿ ಕಸೂತಿ ಮಾಡಿದ ಕರಿಯ ಚಂದ್ರಕಾಳಿ ಒಂದು ಇರಲೇಬೇಕೆಂಬುದು ನಮ್ಮ ಕಡೆಯ ರೂಢಿ. ಆಕೆ ಎದುರು ಬಂದರೆ ಅಪಶಕುನ. ಆಕೆ ಹೊಲಿದ ಆನೆ, ಪಲ್ಲಕ್ಕಿ ಮಂಟಪದೊಳಗೆ ಮುಂದೆ ಮುಂದೆ. ಇದನ್ನು ಯಾರೂ ವಿಚಿತ್ರವೆಂದು ತಿಳಿಯಲಿಲ್ಲ. ನಾನೂ ತಿಳಿಯಲಿಲ್ಲ. 1971ರಲ್ಲಿ ನನ್ನ ಮದುವೆಯಾದಾಗ ಸಂಜೆಯ ಮೆರವಣಿಗೆಗೆ ನಾನು ಆಕೆಯ ಚಂದ್ರಕಾಳಿಯನ್ನೇ ಉಟ್ಟೆ. ಒಂದು ವರ್ಷದ ಕೆಲಸ. ಎಲ್ಲರೂ ಸೆರಗು ಹಿಡಿದು ನೋಡಿದರು. ಹಿತ್ತಲ ಕೋಣೆ ಇಪ್ಪತ್ತು ಹೆಜ್ಜೆ ದೂರವಿತ್ತು. ನಾನು ಹೋಗಿ ಉಟ್ಟ ಸೀರೆ ತೋರಿಸಲಿಲ್ಲ. ಬೇಡವೆಂದು ಯಾರೂ ಅಂದಿರಲಿಲ್ಲ, ನನಗೇ ನೆನಪಾಗಲಿಲ್ಲ.

ಆಕೆಯಿಂದ ನಾನು ಕಸೂತಿ ಕಲಿಯಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಕಾಲದ ಹುಡುಗಿಯರಿಗೆ ಅದು ಮುದುಕಿಯರ ಕೆಲಸ. ನಮ್ಮದೇನಿದ್ದರೂ ಉಲನ್. 1962ರಲ್ಲಿ ಚೀನಾದ ಯುದ್ಧ ಬಂದಾಗ ದೇಶದ ತುಂಬ ಹೆಂಗಸರು ಜವಾನರಿಗೆ ಸ್ವೆಟರ್ ಹೆಣೆದರು. ನಮ್ಮ ಸಾಲೆಯಲ್ಲಿಯೂ ಖಾಕಿ ಉಲನ್ನಿನ ಉಂಡೆ ಹಂಚಿದರು. ಯುದ್ಧ ನಿಂತದ್ದು ನವೆಂಬರ 21ಕ್ಕೆ, ನನ್ನ ಸ್ವೆಟರಿನ ಎರಡನೆಯ ತೋಳು ಮುಗಿದದ್ದು ಡಿಸೆಂಬರಿನಲ್ಲಿ, ಅದೂ ಮೊದಲನೆಯದಕ್ಕಿಂತ ಮೂರು ಬೆರಳು ಉದ್ದ. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತು ತಪ್ಪಿದ ಕಣ್ಣುಗಳನ್ನು ಹುಡುಕುತ್ತಿದ್ದೆ. ಒಳಗೆ ಧಾರವಾಡ ಆಕಾಶವಾಣಿಯ ಹಾಡು ಬರುತ್ತಿತ್ತು. ಅತ್ಯಾ ದೂರದಿಂದಲೇ ನೋಡಿ, “ಹನ್ನೊಂದನೇ ಸಾಲಿನ್ಯಾಗ ಎರಡು ಹೆಚ್ಚಿಗಿ ಏರಿಸೀ” ಎಂದಳು. ಆಕೆ ಹೆಣಿಕೆಯ ಕಡ್ಡಿಯನ್ನು ಕೈಯಲ್ಲಿ ಹಿಡಿದವಳೇ ಅಲ್ಲ. ಎಣಿಸಿದೆ. ಹನ್ನೊಂದನೆಯ ಸಾಲೇ.

ಆಯಿ ಮತ್ತು ಅತ್ಯಾ ಒಬ್ಬರ ಮನೆಯ ನೀರು ಒಬ್ಬರು ಕುಡಿದವರಲ್ಲ. ಆಯಿ ಲಿಂಗಾಯತರಾಕೆ, ಅತ್ಯಾ ಮಡಿ ಹೆಂಗಸು. ಕೈಯಿಂದ ಕೈಗೆ ಏನನ್ನೂ ಕೊಡುವಂತಿರಲಿಲ್ಲ. ಬಟ್ಟೆ ತೋರಿಸಬೇಕಾದರೆ ಆಯಿ ಅದನ್ನು ನಡುವಿನ ಕಲ್ಲಿನ ಮೇಲೆ ಇಡುವರು, “ನೋಡ್ರಿ ಬಾಯಾರ” ಎಂದು ಕೈ ಹಿಂದೆ ತೆಗೆದುಕೊಳ್ಳುವರು. ಆಮೇಲೆ ಅತ್ಯಾ ಎತ್ತಿಕೊಳ್ಳುವಳು. ತಿರುಗಿ ಕೊಡುವಾಗಲೂ ಹಾಗೆಯೇ. ಆ ಬರಿದಾದ ಒಂದು ಮಾರು ಕಲ್ಲು ಅದಕ್ಕೇ ಇದ್ದದ್ದು. ಇಬ್ಬರಿಗೂ ಇದರ ಬಗ್ಗೆ ಬೇಸರವಿದ್ದುದನ್ನು ನಾನು ಕಾಣೆ. ಅಂದ ಹಾಗೆ, ಅದೇ ಹಿತ್ತಲ ಬಾಗಿಲಿಗೆ ಕಟ್ಟಿಗೆ ಮಾರಲು ಬರುತ್ತಿದ್ದ ಲಂಬಾಣಿ ಹೆಂಗಸಿನ ಲಂಗದ ತುಂಬ ಕನ್ನಡಿ, ಕವಡೆ, ಎಂಥೆಂಥ ಹೊಲಿಗೆ! ಆಕೆಯನ್ನು ಕುಳ್ಳಿರಿಸಿಕೊಂಡು ಇದು ಹೇಗೆ ಎಂದು ನಮ್ಮವರಾರೂ ಕೇಳಲಿಲ್ಲ. ಆ ಕಟ್ಟೆಯ ಗೆಳೆತನವನ್ನು ನೆನೆಯುವಾಗ ನಾನು ಇದನ್ನೂ ನೆನೆಯುತ್ತೇನೆ.

ಅತ್ಯಾ 1979ರಲ್ಲಿ ತೀರಿಕೊಂಡಳು. ಟ್ರಂಕು ನನ್ನ ಪಾಲಿಗೆ ಬಂದು ಅಟ್ಟ ಸೇರಿತು. ನಾನು ನಿವೃತ್ತಳಾದ 2006ರಲ್ಲಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಬಂತು. ಪತ್ರಿಕೆಯಲ್ಲಿ ಅದನ್ನು ಓದಿದ ದಿನವೇ ಏಣಿ ಹಾಕಿ ಟ್ರಂಕು ಇಳಿಸಿದೆ. ಸರಕಾರ ಹೇಳಿದ ಮೇಲೆ ಬೆಲೆ ತಿಳಿಯುವ ಜಾತಿ ನಮ್ಮದು. ಕರಿಯ ತುಂಡಿಗೆ ಅಲ್ಲಲ್ಲಿ ನುಸಿ ಹಿಡಿದಿತ್ತು, ಚಿತ್ರಗಳು ಗಟ್ಟಿಯಾಗಿದ್ದವು.

ಗುರುವಾರದ ನಮ್ಮ ಕೂಟ ಹೀಗೆ ಆರಂಭವಾಯಿತು. ಮೊದಲು ಬಂದವರು ನನ್ನ ಜೊತೆ ಗಣಿತ ಕಲಿಸುತ್ತಿದ್ದ ಗೆಳತಿ. ಆಮೇಲೆ ಒಬ್ಬ ನಿವೃತ್ತ ನರ್ಸಬಾಯಿ. ಗಾಯಕ್ಕೆ ಹೊಲಿಗೆ ಹಾಕುವುದನ್ನು ನೋಡಿದ ಕಣ್ಣು, ಸೂಜಿ ಹಿಡಿದರೆ ನಡುಗುವುದಿಲ್ಲ. ಮಡಿಕೇರಿಯಿಂದ ನಮ್ಮೂರಿಗೆ ಸೊಸೆಯಾಗಿ ಬಂದ ಒಬ್ಬಾಕೆ, ಧಾರವಾಡದ ಸೆಕೆಯಲ್ಲಿಯೂ ಉಲನ್ ಹೆಣೆಯುವುದನ್ನು ಬಿಡದವಳು. ಮತ್ತೆ ಆಯಿಯ ಮೊಮ್ಮಗಳು. ಸುಭಾಸ ರಸ್ತೆಯ ಹತ್ತಿರ ಬ್ಲೌಸು ಹೊಲಿಯುವ ಅಂಗಡಿ ಇಟ್ಟಿದ್ದಾಳೆ, ವಾರದ ರಜೆಯ ದಿನ ನಮ್ಮಲ್ಲಿಗೆ ಬಂದು ಮತ್ತೆ ಸೂಜಿಯನ್ನೇ ಹಿಡಿಯುತ್ತಾಳೆ. ಒಬ್ಬರ ಕೈ ನೋಡಿ ಒಬ್ಬರು ಕಲಿತೆವು. ಮಡಿಕೇರಿಯಾಕೆ ಚೌಕುಳಿ ಕಾಗದದ ಮೇಲೆ ಅತ್ಯಾಳ ಗಿಳಿಯನ್ನು ಇಳಿಸಿ ಅದನ್ನೇ ಸ್ವೆಟರಿನ ಎದೆಯ ಮೇಲೆ ಹೆಣೆದಳು. ಮೊದಲು ನನಗೆ ಸಿಟ್ಟು ಬಂತು, ಆಮೇಲೆ ಅಂಥದೇ ಒಂದು ನನಗೂ ಬೇಕೆನಿಸಿತು.

ನಮ್ಮನ್ನು ಕಾಡಿದ್ದು ತುಂಡಿನ ಮೂಲೆಯ ಒಂದು ತೇರು. ಅರ್ಧ ನುಸಿ ತಿಂದಿತ್ತು. ಎಲ್ಲಿಂದ ಹೊರಟು ಎಲ್ಲಿ ತಿರುಗಬೇಕೆಂಬುದು ತಿಳಿಯದು. ಹೇಗೆ ಹೋದರೂ ಒಂದು ಗಾಲಿ ಉಳಿಯುತ್ತಿತ್ತು. ಗಣಿತದ ಗೆಳತಿ ಯೂಲರನ ಕತೆ ತೆಗೆದರು. ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ ಏಳು ಸೇತುವೆಗಳಿದ್ದವಂತೆ. ಒಂದೊಂದನ್ನು ಒಂದೇ ಸಲ ದಾಟಿ ಎಲ್ಲವನ್ನೂ ಸುತ್ತಿ ಬರಲಾಗದೆಂದು ಯೂಲರ್ 1736ರಲ್ಲಿ ತೋರಿಸಿದ. “ಆದರ ಪ್ರತಿ ಸೇತುವೀನೂ ಎರಡೆರಡು ಸಲ ದಾಟಬಹುದು ಅಂದ್ರ ಹೊಂಟಲ್ಲಿಗೆ ಬಂದು ಮುಟ್ಟಲಿಕ್ಕೇ ಬೇಕು. ನಿಮ್ಮ ಗಾವಂತಿ ಅದೇ ಅಲ್ಲೇನ್ರಿ? ಪ್ರತಿ ಗೆರಿ ಎರಡು ಸಲ. ದಾರಿ ಇದ್ದೇ ಇರತದ, ಹುಡುಕ್ರಿ.” ಹುಡುಕಲು ನರ್ಸಬಾಯಿ ಭೂತಗನ್ನಡಿ ತಂದರು.

ಆಗ ಕಂಡದ್ದು ದಾರಿಯಲ್ಲ. ದೂರದಿಂದ ಒಂದೇ ಕಂದು ಬಣ್ಣವಾಗಿ ಕಾಣುತ್ತಿದ್ದ ಆ ತೇರಿನ ಗೆರೆಯಲ್ಲಿ ಒಂದು ಹೊಲಿಗೆ ಹಸಿರು, ಒಂದು ಕೆಂಪು, ಮತ್ತೆ ಹಸಿರು, ಮತ್ತೆ ಕೆಂಪು. ತಿರುವಿ ನೋಡಿದರೆ ಮುಂದೆ ಹಸಿರಿದ್ದಲ್ಲಿ ಹಿಂದೆ ಕೆಂಪು, ಕೆಂಪಿದ್ದಲ್ಲಿ ಹಸಿರು. ಹೋದ ಎಳೆ ಒಂದು, ಬಂದ ಎಳೆ ಇನ್ನೊಂದು. ಕೆಂಪು ಯಾವುದೆಂದು ನನಗೆ ಕೂಡಲೇ ತಿಳಿಯಿತು: ಅತ್ಯಾ ತನ್ನ ಹಳೆಯ ರೇಷ್ಮೆ ಸೀರೆಗಳ ಅಂಚಿನಿಂದ ಬಿಚ್ಚಿ ಸುತ್ತಿಟ್ಟುಕೊಳ್ಳುತ್ತಿದ್ದ ಎಳೆ, ಟ್ರಂಕಿನಲ್ಲಿ ಅದರ ಉಂಡೆ ಇನ್ನೂ ಇದೆ. ಹಸಿರು ಯಾರದು? ಆಯಿಯ ಮೊಮ್ಮಗಳು ಏನೂ ಮಾತಾಡಲಿಲ್ಲ. ಮುಂದಿನ ಗುರುವಾರ ತನ್ನ ತಂದೆಗೆ ಆಯಿ ಹೊಲಿದಿದ್ದ ಕುಂಚಿಗೆಯನ್ನು ತಂದು ಪಕ್ಕಕ್ಕೆ ಇಟ್ಟಳು. ಅದರ ಅಂಚಿನ ಸುತ್ತಲೂ ಅದೇ ಹಸಿರು, ಅದೇ ತೇರು.

ಭೂತಗನ್ನಡಿಯಲ್ಲಿ ಮತ್ತೊಂದು ಸಂಗತಿಯೂ ಕಂಡಿತು. ಹೊಲಿಗೆಗಳು ಕೂಡುವ ತೂತುಗಳಲ್ಲಿ ಕೆಂಪು ಎಳೆ ಹಸಿರನ್ನು ಸೀಳಿಕೊಂಡು ಹೋಗಿದೆ; ಅಂದರೆ ಹಸಿರು ಮೊದಲು, ಕೆಂಪು ಆಮೇಲೆ. ಎಳೆ ಎಣಿಸಿ ದಾರಿ ಹಾಕಿದಾಕೆ ಆಯಿ. ಆ ದಾರಿಯ ಸಂದುಗಳನ್ನು ತುಂಬುತ್ತ ಬಂದಾಕೆ ಅತ್ಯಾ. ಕಲಿಸುವವರು ಹೋಗುವುದು, ಕಲಿಯುವವರು ಬರುವುದು. ಕೂಸಿಗೆ ಅಕ್ಷರ ತಿದ್ದಿಸಿದ ಹಾಗೆ. ಬಂಧು ಬಳಗಕ್ಕೆಲ್ಲ ಕಸೂತಿಯ ಗುರುವೆಂದು ನಾವು ತಿಳಿದಿದ್ದ ಅತ್ಯಾ, ಹನ್ನೊಂದಕ್ಕೆ ತಲೆ ಬೋಳಿಸಿಕೊಂಡು ತವರಿಗೆ ಬಂದ ಹುಡುಗಿ, ಗೋಡೆಯಾಚೆಯ ಮನೆಯಿಂದ ಕಲಿತವಳು. ಕರಿಯ ತುಂಡಿನಲ್ಲಿ ಅದೊಂದೇ ತೇರಿಗೆ ಆಕೆ ಮನೆಯ ಹೆಸರು ಹೇಳಿರಲಿಲ್ಲ. ಕೇಳಿದಾಗಲೆಲ್ಲ “ಅದು ಇಲ್ಲೀದs” ಎನ್ನುತ್ತಿದ್ದಳು. ಒಂದು ಮಾರು ಕಲ್ಲಿನ ಮೇಲೆ ಆ ಅರಿವೆ ಎಷ್ಟು ಸಲ ಆಚೆ ಈಚೆ ಆಗಿರಬೇಕು!

ಈಗ ಹೊಸದೊಂದು ಕರಿ ಅರಿವೆಯ ಮೇಲೆ ಆ ತೇರನ್ನು ಹಾಕುತ್ತಿದ್ದೇವೆ. ದಾರಿ ಸಿಕ್ಕಿದೆ, ಗಾಲಿಯಿಂದ ಹೊರಡಬಾರದು, ಕಳಸದಿಂದ ಹೊರಡಬೇಕು. ಆಯಿಯ ಮೊಮ್ಮಗಳು ಹಸಿರಿನಿಂದ ಹೋಗುತ್ತಾಳೆ, ನಾನು ಕೆಂಪಿನಿಂದ ಬರುತ್ತೇನೆ. ನನಗೀಗ ಎಪ್ಪತ್ತು ದಾಟಿದೆ, ಕರಿಯ ಬಟ್ಟೆಯ ಎಳೆ ಕಾಣುವುದಿಲ್ಲ, ಆದರೆ ಆಕೆ ಮಾಡಿದ ತೂತು ಸೂಜಿಗೆ ಸಿಗುತ್ತದೆ. ಒಂದೊಂದು ಅಂತಸ್ತು ಮುಗಿದಾಗ ಅವಳು ಬಟ್ಟೆಯನ್ನು ನನ್ನ ಕೈಗೆ ಕೊಡುತ್ತಾಳೆ, ಕೊಡುವಾಗ ತಿರುವಿ ಕೊಡುತ್ತಾಳೆ. ಹೋದ ಗುರುವಾರ ಹಿಂಬದಿಯಲ್ಲಿ ನನ್ನದು ಎರಡು ಹೊಲಿಗೆ ತಪ್ಪಿತ್ತು, ಬಿಚ್ಚಿಸಿದಳು. ಗಾಲಿಗಳು ಇನ್ನೂ ಬಾಕಿ.