ರ ಗ ಸ ದ ಅ: ಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಕಟ್ಟಿದ ನಲಿ-ಕಲಿ

ಇವತ್ತು ಒಂದು ಪುಟ್ಟ ಪ್ರಶ್ನೆಯಿಂದ ಶುರು ಮಾಡೋಣ. ಶಾಲೆಯಲ್ಲಿ ನೀವು ಕಲಿತ ಮೊದಲ ಅಕ್ಷರ ಯಾವುದು? "ಅ" ಅಂದವರು ಸ್ವಲ್ಪ ಕಾಯಿರಿ. "ರ" ಅಂದವರಿಗೆ ಈ ಸಂಚಿಕೆ ನಿಮ್ಮದೇ ಕಥೆ. ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದ್ರೆ ಸಾಕು, ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಗೋಡೆ ಮೇಲೆ ಏಣಿಯ ಚಿತ್ರ, ತಲೆ ಮೇಲೆ ದಾರ ಕಟ್ಟಿ ಮಾಡಿದ ಚಪ್ಪರ, ಅದರಲ್ಲಿ ನೇತಾಡ್ತಿದ್ದ ನಿಮ್ಮ ಚಿತ್ರಗಳು, ನೆಲದಲ್ಲಿ ಗುಂಪು ಗುಂಪಾಗಿ ಕೂತು ಕಾರ್ಡು ಹುಡುಕಿದ್ದು ನೆನಪಿದೆಯಾ? ಅದೇ ನಲಿ-ಕಲಿ. 2009ರ ನಂತರ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿದವರಲ್ಲಿ ಹೆಚ್ಚಿನವರು ಅದರಲ್ಲೇ ಕಲಿತವರು.

ಇದನ್ನ ಬೆಂಗಳೂರಿನ ಯಾವುದೋ ಆಫೀಸಿನಲ್ಲಿ ಯಾರೋ ತಜ್ಞರು ಕೂತು ಬರೆದಿರಬೇಕು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ.

ಕಥೆ ಶುರುವಾಗೋದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಕಬಿನಿ ಹಿನ್ನೀರು ಒಂದು ಕಡೆ, ನಾಗರಹೊಳೆ ಮತ್ತು ಬಂಡೀಪುರದ ಕಾಡು ಇನ್ನೊಂದು ಕಡೆ. ಜೇನು ಕುರುಬರ, ಬೆಟ್ಟ ಕುರುಬರ ಹಾಡಿಗಳಿರುವ ತಾಲ್ಲೂಕು. ಇಲ್ಲಿನ ಎಷ್ಟೋ ಶಾಲೆಗಳಲ್ಲಿ ಇದ್ದಿದ್ದು ಒಬ್ಬರೋ ಇಬ್ಬರೋ ಮೇಷ್ಟ್ರು, ಒಂದೇ ಕೋಣೆಯಲ್ಲಿ ನಾಲ್ಕು ತರಗತಿ. ಒಂದನೇ ಕ್ಲಾಸಿಗೆ ಪಾಠ ಹೇಳುವಾಗ ಉಳಿದ ಮೂರು ಕ್ಲಾಸು ಕಾಪಿ ಬರೀತಾ ಕೂರಬೇಕು.

ಅದಕ್ಕಿಂತ ದೊಡ್ಡ ಸಮಸ್ಯೆ ಪಠ್ಯಪುಸ್ತಕದ್ದು. ಪುಸ್ತಕ ನಡೆಯೋದು ಕ್ಯಾಲೆಂಡರ್ ಪ್ರಕಾರ: ಜೂನ್‌ಗೆ ಒಂದನೇ ಪಾಠ, ದಸರಾ ಹೊತ್ತಿಗೆ ಅರ್ಧ ಪುಸ್ತಕ. ಆದರೆ ಅಪ್ಪ-ಅಮ್ಮ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೊರಟ್ರೆ ಮಗುವೂ ಜೊತೆಗೆ ಹೋಗುತ್ತೆ. ಎರಡು ತಿಂಗಳು ಬಿಟ್ಟು ವಾಪಸ್ ಬಂದಾಗ ಕ್ಲಾಸು ಒಂಬತ್ತನೇ ಪಾಠದಲ್ಲಿರುತ್ತೆ, ಮಗು ಮೂರನೆಯದರಲ್ಲಿ. ಅಂಥ ಮಗು ಎಷ್ಟು ದಿನ ಶಾಲೆಗೆ ಬಂದೀತು?

ಆ ವರ್ಷ ಯುನಿಸೆಫ್ ನೆರವಿನಲ್ಲಿ ಈ ತಾಲ್ಲೂಕಿನ ಶಿಕ್ಷಕರ ಒಂದು ಸಣ್ಣ ತಂಡ ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿಬಂತು. ಜಿಡ್ಡು ಕೃಷ್ಣಮೂರ್ತಿಯವರ ಹೆಸರಿನ ಜೊತೆ ಕೇಳಿಬರುವ ಶಾಲೆ ಅದು. ಆದರೆ ಮೇಷ್ಟ್ರುಗಳು ನೋಡೋಕೆ ಹೋಗಿದ್ದು ಆ ದೊಡ್ಡ ಶಾಲೆಯನ್ನಲ್ಲ, ಸುತ್ತಲಿನ ಹಳ್ಳಿಗಳಲ್ಲಿದ್ದ ಪುಟ್ಟ ಶಾಲೆಗಳನ್ನ. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ 80ರ ದಶಕದ ಕೊನೆಯಿಂದಲೇ ಪಠ್ಯವನ್ನ ನೂರಾರು ಕಾರ್ಡುಗಳಾಗಿ ಒಡೆದಿದ್ದರು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ, ಪ್ರತಿ ಮಗುವೂ ತನ್ನ ಕಾರ್ಡು ತಾನೇ ತಗೊಂಡು ಕಲೀತಿತ್ತು.

ಆ ಕಾರ್ಡುಗಳನ್ನ ಕನ್ನಡಕ್ಕೆ ತಂದು ಹಂಚಿಬಿಟ್ಟಿದ್ರೆ ಕೆಲಸ ಬೇಗ ಮುಗೀತಿತ್ತು. ಕೋಟೆ ಮೇಷ್ಟ್ರುಗಳು ಹಾಗೆ ಮಾಡಲಿಲ್ಲ. ನಮ್ಮ ರಾಜ್ಯದ ಪಠ್ಯಕ್ರಮವನ್ನೇ ಇಟ್ಕೊಂಡು, ತಾವೇ ಕೂತು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದರು. ಒಂದಷ್ಟು ಮೆಟ್ಟಿಲಿಗೆ ಒಂದು ಮೈಲಿಗಲ್ಲು. ಎಲ್ಲ ಸೇರಿ ಗೋಡೆ ಮೇಲಿನ ಕಲಿಕಾ ಏಣಿ. ಕಾರ್ಡಿನ ಮೇಲಿರುವ ಗುರುತು ನೋಡಿ, ಓದೋಕೆ ಬಾರದ ಮಗುವೂ ತನ್ನ ಕಾರ್ಡು ಹುಡುಕಬಹುದು. ಮಕ್ಕಳು ಕೂರೋದು "ತಟ್ಟೆ"ಗಳಲ್ಲಿ: ಮೊದಲ ತಟ್ಟೆಯಲ್ಲಿ ಮೇಷ್ಟ್ರು ಜೊತೆಗಿರ್ತಾರೆ, ಮುಂದಿನದರಲ್ಲಿ ಅವರ ಸಹಾಯ ಕಮ್ಮಿ, ಆಮೇಲೆ ಗೆಳೆಯರೇ ಹೇಳಿಕೊಡೋದು, ಕೊನೆಗೆ ತಾನೇ ಕಲಿಯೋದು. ತೋಟದಿಂದ ವಾಪಸ್ ಬಂದ ಮಗು ತಾನು ಬಿಟ್ಟುಹೋದ ಮೆಟ್ಟಿಲಿನಿಂದಲೇ ಹತ್ತುತ್ತೆ. ಹೆಸರು ನಲಿ-ಕಲಿ ಅಂತಾದರೂ, ನನಗೆ ಇದರಲ್ಲಿ ನಲಿಯೋದಕ್ಕಿಂತ ದೊಡ್ಡದಾಗಿ ಕಾಣೋದು ಈ ಬಿಟ್ಟ ಜಾಗದ ಲೆಕ್ಕ.

ಇನ್ನೊಂದು ವಿಷಯದ ಬಗ್ಗೆ ಅಷ್ಟಾಗಿ ಮಾತಾಡಲ್ಲ. ಅದು ಅವರ ತಿಂಗಳ ಸಭೆ. ಕಾರ್ಡು ಬರೆದವರೇ ಅದನ್ನ ತಮ್ಮ ಕ್ಲಾಸಿನಲ್ಲಿ ಬಳಸಿ, ಮತ್ತೆ ಒಟ್ಟಿಗೆ ಸೇರಿ ತಿದ್ದುತ್ತಿದ್ದರು.

ಯಾಕೆ ಇದು ದೊಡ್ಡ ಸಂಗತಿ ಅಂದ್ರೆ, ಅಲ್ಲಿವರೆಗೆ ಮೇಷ್ಟ್ರ ಕೆಲಸ ನೋಡೋಕೆ ಬರ್ತಾ ಇದ್ದಿದ್ದು ಇನ್ಸ್‌ಪೆಕ್ಟರ್ ಸಾಹೇಬರು. ಸಾಹೇಬರ ಎದುರು ಯಾರಾದ್ರೂ "ಸಾರ್, ಕಳೆಯೋ ಲೆಕ್ಕ ನನ್ನ ಮಕ್ಕಳಿಗೆ ಬರ್ತಾನೇ ಇಲ್ಲ" ಅಂತಾರಾ? ಮುಚ್ಚಿಡ್ತಾರೆ. ಒಂಟಿ ಶಾಲೆಯ ಒಂಟಿ ಮೇಷ್ಟ್ರಿಗೆ, ಮಕ್ಕಳು ಒಂದು ಕಡೆ ಸಿಕ್ಕಿಹಾಕ್ಕೊಂಡ್ರೆ ತಪ್ಪು ತನ್ನದೋ, ಮಕ್ಕಳದೋ, ಪುಸ್ತಕದ್ದೋ ಗೊತ್ತಾಗೋದೇ ಇಲ್ಲ. ಅದೇ ಹತ್ತು ಜನ ಒಟ್ಟಿಗೆ ಕೂತಾಗ ಒಬ್ಬರು "ಈ ಕಾರ್ಡಿನ ಹತ್ತಿರ ನಮ್ಮ ಮಕ್ಕಳು ನಿಂತುಬಿಡ್ತಾರೆ" ಅಂತಾರೆ, ಇನ್ನೊಬ್ಬರು "ನಮ್ಮಲ್ಲೂ ಹಾಗೇ ಕಣ್ರೀ" ಅಂತಾರೆ. ಆಗ ಗೊತ್ತಾಗುತ್ತೆ ತಪ್ಪು ಕಾರ್ಡಿನದ್ದು ಅಂತ. ಮಧ್ಯೆ ಇನ್ನೊಂದು ಮೆಟ್ಟಿಲು ಸೇರಿಸ್ತಾರೆ. ಹೊಸ ಶಿಕ್ಷಕರಿಗೆ ತರಬೇತಿ ಕೊಟ್ಟಿದ್ದೂ ಇದೇ ಶಿಕ್ಷಕರು.

ಇವರಿಗೆ ಸರ್ಕಾರದೊಳಗೆ ಬೆನ್ನಿಗೆ ನಿಂತವರೂ ಇದ್ದರು. ಅವರಲ್ಲಿ ಐಎಎಸ್ ಅಧಿಕಾರಿ ಅನಿತಾ ಕೌಲ್ ಹೆಸರು ಹೇಳಲೇಬೇಕು. ಮುಂದೆ ದೆಹಲಿಯಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಕೆಲಸದಲ್ಲೂ ಇದ್ದವರು ಅವರು.

ಕೋಟೆಯಿಂದ ನಲಿ-ಕಲಿ ಬೇರೆ ತಾಲ್ಲೂಕುಗಳಿಗೆ ಹೋಯಿತು. 2003ರಲ್ಲಿ ಚೆನ್ನೈ ಪಾಲಿಕೆಯ ಶಿಕ್ಷಕರೂ ರಿಷಿ ವ್ಯಾಲಿಗೆ ಹೋಗಿಬಂದು ತಮ್ಮದೇ ಒಂದು ಪದ್ಧತಿ ಕಟ್ಟಿದರು, ಅದು ಬೇರೆಯದೇ ಕಥೆ. ಇಲ್ಲಿ 2009-10ರಲ್ಲಿ ಸರ್ಕಾರ ನಲಿ-ಕಲಿಯನ್ನ ಇಡೀ ರಾಜ್ಯಕ್ಕೆ ತಂದಿತು. ಮೊದಲು 1 ಮತ್ತು 2ನೇ ತರಗತಿ, ಆಮೇಲೆ 3ನೆಯದೂ ಸೇರಿತು.

ಕಾರ್ಡುಗಳು ಪ್ರಿಂಟ್ ಆದವು, ಬಂಡಲ್ ಕಟ್ಟಿ ಶಾಲೆ ಶಾಲೆಗೆ ಮುಟ್ಟಿದವು. ರಾಜ್ಯದಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳೇ 40 ಸಾವಿರಕ್ಕಿಂತ ಜಾಸ್ತಿ, ಅಷ್ಟಕ್ಕೂ ತಲುಪಿಸೋದು ಸಣ್ಣ ಮಾತಲ್ಲ. ಆದರೆ ಕೋಟೆಯಲ್ಲಿ ಕಾರ್ಡು ತಿದ್ದುವ ಅಧಿಕಾರ ಮೇಷ್ಟ್ರ ಕೈಯಲ್ಲಿತ್ತು. ಈಗ ಅದು ಮೇಲಿನಿಂದ ಬಂದ ಸಾಮಾನು. ಬಾಕ್ಸ್ ತೆಗೆದು ನೋಡಿದ ಶಿಕ್ಷಕರಿಗೆ ಇದು ಇನ್ನೊಂದು ಸರ್ಕಾರಿ ಆದೇಶ ಅನ್ನಿಸಿದ್ರೆ ಅವರನ್ನ ದೂರೋಕಾಗಲ್ಲ. ಮನೆಯವರ ದೂರು ಬೇರೆ: "ಪುಸ್ತಕ ಇಲ್ಲ, ಹೋಂವರ್ಕ್ ಇಲ್ಲ, ಬರೀ ಆಟ ಆಡಿಸ್ತಾರೆ." ಮೂರು ವರ್ಷ ಏಣಿ ಹತ್ತಿದ ಮಗು ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಮತ್ತೆ ಅದೇ ಪುಸ್ತಕ, ಅದೇ ಬೆಂಚು.

ಇಲಾಖೆಯನ್ನ ಬೈಯೋದು ಸುಲಭ. ಕೋಟೆಯ ಮೇಷ್ಟ್ರುಗಳು ವರ್ಷಗಟ್ಟಲೆ ಮಾಡಿದ್ದನ್ನ ಪ್ರತಿ ತಾಲ್ಲೂಕೂ ಮೊದಲಿನಿಂದ ಮಾಡಲಿ ಅಂತ ಕೂತಿದ್ರೆ, ಒಂದು ತಲೆಮಾರಿನ ಮಕ್ಕಳು ಕಾಪಿ ಬರೀತಾನೇ ಇರ್ತಿದ್ರು. ಇದೂ ನಿಜ. ಆದರೂ ತಿದ್ದೋಕೆ ಒಂದು ಜಾಗವನ್ನಾದ್ರೂ ಉಳಿಸಿಕೊಳ್ಳಬಹುದಿತ್ತು ಅನ್ನೋದು ನನ್ನ ಅಭಿಪ್ರಾಯ. ಅಂಥ ಜಾಗ ಕಾಗದದ ಮೇಲೆ ಇದೆ ಕೂಡ. ಪ್ರತಿ ಕ್ಲಸ್ಟರಿನಲ್ಲಿ ಹತ್ತಿರದ ಶಾಲೆಗಳ ಶಿಕ್ಷಕರು ಸೇರುವ ಸಮಾಲೋಚನಾ ಸಭೆ. ಅಲ್ಲಿ ಕೂತವರಿಗೇ ಗೊತ್ತು, ಮಧ್ಯಾಹ್ನದ ಊಟದೊಳಗೆ ಸುತ್ತೋಲೆ ಎಷ್ಟು ಓದಿದ್ರು, ಪಾಠದ ಬಗ್ಗೆ ಎಷ್ಟು ಮಾತಾಡಿದ್ರು ಅಂತ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಸರ್ಕಾರಿ ಶಾಲೆ ಮೇಷ್ಟ್ರು, ಟೀಚರ್ ಇರ್ತಾರಲ್ಲ, ಇವತ್ತು ಅವರನ್ನ ಒಂದು ಮಾತು ಕೇಳಿ ನೋಡಿ. ಕಳೆದ ಸಮಾಲೋಚನಾ ಸಭೆಯಲ್ಲಿ ಯಾರಾದ್ರೂ "ಇದು ನನ್ನ ಮಕ್ಕಳಿಗೆ ಬರ್ತಿಲ್ಲ, ಏನ್ ಮಾಡ್ಲಿ" ಅಂದ್ರಾ ಅಂತ. ಅವರು ಹೇಳಿದ್ದನ್ನ ನಮಗೆ ವಾಯ್ಸ್ ನೋಟ್ ಮಾಡಿ ಕಳಿಸಿ. ಮತ್ತೆ ಸಿಗೋಣ.