ಹೊಸ ಉಪ್ಪುನೀರಿನ ಅಕ್ವೇರಿಯಂ: ನೀರು ತಿಳಿಯಾಗಿದ್ದರೆ ಮೀನು ಬಿಡಬಹುದೇ?

ನೀರು ತಿಳಿಯಾಗಿ ಕಂಡರೆ ಮರುದಿನವೇ ಮೀನು ಬಿಡಬಹುದು ಎಂಬ ನಂಬಿಕೆ ಹಲವರಿಗಿದೆ. ಇದು ತಪ್ಪು. ಹೊಸ ಟ್ಯಾಂಕಿನಲ್ಲಿ ಮೀನನ್ನು ಕೊಲ್ಲುವ ಅಮೋನಿಯಾಕ್ಕೆ ಬಣ್ಣವಿಲ್ಲ, ನೋಡಿದರೆ ಗೊತ್ತಾಗುವುದಿಲ್ಲ.

ಮೀನಿನ ಕಿವಿರಿನಿಂದ, ಕೊಳೆತ ಆಹಾರದಿಂದ ಅಮೋನಿಯಾ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್‌ನ ಅಪಾಯ ಕಡಿಮೆ, ನೀರು ಬದಲಿಸುತ್ತಿದ್ದರೆ ಸಾಕು. ಈ ಬ್ಯಾಕ್ಟೀರಿಯಾ ನೆಲೆಯೂರುವವರೆಗೆ ಕಾಯುವುದೇ 'ಸೈಕ್ಲಿಂಗ್'. ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಗೋಲ್ಡ್ ಫಿಶ್ ಸಾಕಿದ ಅನುಭವ ಇಲ್ಲಿ ಸಾಲದು. ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಹೆಚ್ಚು, ಪಿಎಚ್ ಏರಿದಷ್ಟೂ ಅಮೋನಿಯಾ ಹೆಚ್ಚು ವಿಷಕಾರಿ.

ಹಳೆಯ ಟ್ಯಾಂಕಿನ ನೀರು ಸುರಿದರೆ ಬೇಗ ಆಗುತ್ತದೆ ಎನ್ನುವುದೂ ಬಹುಮಟ್ಟಿಗೆ ಸುಳ್ಳು. ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ನೀರಿನಲ್ಲಲ್ಲ, ಕಲ್ಲು, ಮರಳು ಮತ್ತು ಫಿಲ್ಟರ್ ಸ್ಪಂಜಿನ ಮೇಲೆ. ಲೈವ್ ರಾಕ್‌ಗೆ ಬೆಲೆ ಇರುವುದೂ ಇದಕ್ಕೇ. ಹೆಸರು ಲೈವ್ ಆದರೂ ಅದು ಹೆಚ್ಚಾಗಿ ಸತ್ತ ಹವಳದ ಸುಣ್ಣದ ಗೂಡು. ಜೀವ ಇರುವುದು ಅದರ ರಂಧ್ರಗಳಲ್ಲಿ. ಗಾತ್ರಕ್ಕೆ ಹೋಲಿಸಿದರೆ ಹಗುರವಾಗಿರುವ, ತುಂಬಾ ರಂಧ್ರಗಳಿರುವ ಕಲ್ಲು ಒಳ್ಳೆಯದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗಿನ ಜೀವಿಗಳು ಸತ್ತಿವೆ ಎಂದರ್ಥ.

ಆದರೆ ಭಾರತದಲ್ಲಿ ಸಮುದ್ರದಿಂದ ತೆಗೆದ ಹವಳದ ಕಲ್ಲನ್ನು ಕೊಳ್ಳಲೇಬೇಡಿ. ಬಂಡೆ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿವೆ, ಅಂದರೆ ಹುಲಿಗಿರುವಷ್ಟೇ ರಕ್ಷಣೆ. ಮುರುಡೇಶ್ವರದ ಬಳಿಯ ನೇತ್ರಾಣಿಗೆ ಡೈವಿಂಗ್ ಹೋದಾಗ ಒಂದು ತುಂಡು ನೆನಪಿಗೆಂದು ತಂದರೂ ಅಪರಾಧವೇ. ಸೆರಾಮಿಕ್ ಅಥವಾ ಅಕ್ವೇರಿಯಂಗೆಂದೇ ತಯಾರಿಸಿದ ಕೃತಕ ಕಲ್ಲು ಇದೇ ಕೆಲಸ ಮಾಡುತ್ತದೆ, ಸ್ವಲ್ಪ ಹೆಚ್ಚು ಸಮಯ ಬೇಕಷ್ಟೆ. ಬೇಡದ ಏಡಿ, ಹುಳುಗಳ ಕಾಟವೂ ಇಲ್ಲ.

ಆರ್‌ಒ ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣ ಹಾಕಿ, ಅಡುಗೆ ಉಪ್ಪು ಬೇಡ. ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ಅಮೋನಿಯಂ ಕ್ಲೋರೈಡ್ ಬಳಸಿ ಅಮೋನಿಯಾವನ್ನು ಸುಮಾರು 2 ಪಿಪಿಎಂಗೆ ತನ್ನಿ. ಸಿಗಡಿ ತುಂಡು ಕೊಳೆಯಲು ಬಿಡುವವರೂ ಇದ್ದಾರೆ, ಮನೆಯವರು ವಾಸನೆ ತಡೆದುಕೊಂಡರೆ ಸರಿ. 'ಗಟ್ಟಿ ಮೀನು' ಎಂದು ಡ್ಯಾಮ್ಸೆಲ್ ಬಿಟ್ಟು ಪರೀಕ್ಷಿಸುವುದು ಕ್ರೌರ್ಯ, ಅದರ ಅಗತ್ಯವೂ ಇಲ್ಲ.

ಟೆಸ್ಟ್ ಕಿಟ್‌ನಲ್ಲಿ ಮೊದಲು ಅಮೋನಿಯಾ ಏರಿ ಇಳಿಯುತ್ತದೆ. ಹಲವರು ಇಲ್ಲೇ ಮೋಸ ಹೋಗುತ್ತಾರೆ, ಏಕೆಂದರೆ ಆಗ ನೈಟ್ರೈಟ್ ಇನ್ನೂ ಏರುತ್ತಿರುತ್ತದೆ. 2 ಪಿಪಿಎಂ ಅಮೋನಿಯಾ ಹಾಕಿದ 24 ಗಂಟೆಯೊಳಗೆ ಎರಡೂ ಸೊನ್ನೆಗೆ ಬಂದರೆ ಟ್ಯಾಂಕ್ ಸಿದ್ಧ. ನೈಟ್ರೇಟ್ ತಗ್ಗಿಸಲು ಒಮ್ಮೆ ನೀರು ಬದಲಿಸಿ, ಒಂದೋ ಎರಡೋ ಮೀನು ಬಿಡಿ. ಮುಂದಿನವು ಎರಡು ವಾರದ ನಂತರ.